ಅ ಆ ಇ ಈ ಬಾಯಿಪಾಠ ಬಿಡಿ, ಐದು ಅಕ್ಷರದಿಂದ ಶುರು ಮಾಡಿ

ಮಗಳಿಗೆ ಮೂರೂವರೆ ವರ್ಷ ಇದ್ದಾಗ ವರ್ಣಮಾಲೆಯ ಚಾರ್ಟ್ ತಂದು ಗೋಡೆಗೆ ಅಂಟಿಸಿದೆ. ಎರಡೇ ತಿಂಗಳಲ್ಲಿ ಅ ಇಂದ ಳ ತನಕ ಗಿಣಿ ಹಾಗೆ ಒಪ್ಪಿಸತೊಡಗಿದಳು. ಮನೆಗೆ ಬಂದವರ ಮುಂದೆಲ್ಲ ಹೇಳಿಸಿ ನಾನೂ ಬೀಗಿದ್ದೇ ಬೀಗಿದ್ದು. ಒಂದು ದಿನ ನಂದಿನಿ ಹಾಲಿನ ಪ್ಯಾಕೆಟ್ ಮೇಲಿನ ‘ನಿ’ ಬಿಡಿ, ಪೇಪರ್‌ನಲ್ಲಿ ದಪ್ಪಕ್ಕೆ ಇದ್ದ ‘ನ’ ತೋರಿಸಿ ಇದೇನು ಪುಟ್ಟಿ ಅಂದರೆ, ಚಾರ್ಟ್ ಹತ್ತಿರ ಓಡಿಹೋಗಿ ಅ ಇಂದ ಬೆರಳಿಟ್ಟು ಹೇಳುತ್ತಾ ಬಂದು, ಮಧ್ಯದಲ್ಲೆಲ್ಲೋ ಸಾಲು ತಪ್ಪಿ, ‘ಪ’ ಅಂದಳು. ಅವಳಿಗೆ ಅದೊಂದು ಹಾಡಾಗಿತ್ತು ಅಷ್ಟೆ. ಚಾರ್ಟ್ ಕಿತ್ತುಹಾಕಿ ಮೊದಲಿಂದ ಶುರು ಮಾಡಿದೆವು. ಎರಡನೇ ಸಲ ಏನು ಮಾಡಿದೆವು ಅಂತ ಬರೆಯುತ್ತೇನೆ.

ಮೊದಲ ಕೆಲಸ ಕಿವಿಯದ್ದು. ಸ್ಲೇಟೂ ಬೇಡ, ಪುಸ್ತಕವೂ ಬೇಡ. ದೋಸೆ ಹಾಕುತ್ತಲೋ ಬಸ್ಸಿಗೆ ಕಾಯುತ್ತಲೋ ಪದಗಳಿಗೆ ಚಪ್ಪಾಳೆ ಹೊಡೆಯಿರಿ. ಮೊ-ಸ-ರು, ಮೂರು ಚಪ್ಪಾಳೆ. ಅ-ವ-ಲ-ಕ್ಕಿ, ನಾಲ್ಕು. ನಮ್ಮ ಲಿಪಿಯ ಒಂದು ದೊಡ್ಡ ಅನುಕೂಲ ಇದು: ಸಾಮಾನ್ಯವಾಗಿ ಒಂದು ಚಪ್ಪಾಳೆಗೆ ಒಂದು ಅಕ್ಷರ. ಕಿವಿಗೆ ಬಿದ್ದ ತುಂಡು ಮುಂದೆ ಕಾಗದದ ಮೇಲೂ ಅದೇ ತುಂಡಾಗಿ ಸಿಗುತ್ತದೆ. ಆಮೇಲೆ ಆಟ ಸ್ವಲ್ಪ ಕಷ್ಟ ಮಾಡಿ. ‘ಗ’ದಿಂದ ಶುರುವಾಗುವ ವಸ್ತು ಅಡುಗೆಮನೆಯಲ್ಲಿ ಏನಿದೆ? ‘ಸರ’ ತಿರುಗಿಸಿದರೆ ಏನಾಗುತ್ತದೆ? ‘ಕಮಲ’ದಲ್ಲಿ ‘ಕ’ ತೆಗೆದರೆ ಏನು ಉಳಿಯುತ್ತದೆ? ಇದನ್ನು ಒಂದು ಸಲ ಕೇಳಿ ನೋಡಿ, ಮಗು ಬಿದ್ದು ಬಿದ್ದು ನಗುತ್ತದೆ, ಆಮೇಲೆ ಮೂರು ದಿನ ಸಿಕ್ಕವರಿಗೆಲ್ಲ ಅದೇ ಪ್ರಶ್ನೆ ಕೇಳುತ್ತದೆ. ಕೇಳಲಿ ಬಿಡಿ. ಪದವನ್ನು ಒಡೆದು ನೋಡುವುದು ಅಂದರೆ ಇದೇ.

ಇದು ಚೆನ್ನಾಗಿ ರೂಢಿಯಾದ ಮೇಲೆ ಅಕ್ಷರಕ್ಕೆ ಬನ್ನಿ. ಆದರೆ ವರ್ಣಮಾಲೆಯ ಕ್ರಮ ಬೇಡ. ನಮ್ಮಲ್ಲಿ 49 ಅಕ್ಷರ, ಅದರಲ್ಲಿ ಙ, ಞ ಇವುಗಳಿಗೆ ಮಗುವಿನ ಲೋಕದಲ್ಲಿ ಪದವೇ ಇಲ್ಲ. ಋ ಅಂದರೆ ಋಷಿ ಅನ್ನುತ್ತದೆ ಚಾರ್ಟ್. ನಮ್ಮ ಬೀದಿಯಲ್ಲಿ ಋಷಿಗಳು ಯಾರೂ ಓಡಾಡುವುದಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಅನ್ನುವ, ಆಡುತ್ತಾ ಕಲಿಯುವ ಪದ್ಧತಿಯಲ್ಲಿ ಮಕ್ಕಳು ಮೊದಲು ಕಲಿಯುವುದು ರ ಗ ಸ ದ ಅ. ಯಾಕೆ ಅಂತ ನೀವೇ ಜೋಡಿಸಿ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ. ಐದೇ ಅಕ್ಷರ, ಮಗು ಆಗಲೇ ಪದ ಓದುತ್ತಿದೆ! ಅ ಆ ಇ ಈ ಉ ಊ ಅಂತ ಹೊರಟರೆ ಹದಿಮೂರು ಸ್ವರ ಮುಗಿದರೂ ಓದೋಕೆ ನೆಟ್ಟಗೆ ಒಂದು ಪದ ಸಿಗುವುದಿಲ್ಲ.

ಹಳೆಯ ಮದುವೆ ಕರೆಯೋಲೆಗಳನ್ನು ಎಸೆಯಬೇಡಿ. ಖಾಲಿ ಬೆನ್ನನ್ನು ಅಂಗೈಯಗಲ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆಯಿರಿ. ನಾವು ದಿನಕ್ಕೆ ಹತ್ತು ನಿಮಿಷದ ಮೇಲೆ ಕೂರಲಿಲ್ಲ, ಐದು ಅಕ್ಷರಕ್ಕೆ ಸುಮಾರು ಒಂದು ತಿಂಗಳು ಹಿಡಿಯಿತು. ಬರೆಯೋಕೆ ಪೆನ್ಸಿಲ್ ಕೊಟ್ಟು ಪುಟ ತುಂಬಿಸಬೇಡಿ, ಆ ವಯಸ್ಸಿಗೆ ಬೆರಳು ನೋಯುತ್ತದೆ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ಗೀಚಲಿ. ಉಲ್ಟಾ ಬರೆದರೆ ಬೈಯಬೇಡಿ, ಆ ವಯಸ್ಸಲ್ಲಿ ಅದು ಮಾಮೂಲು.

ಮುಂದೆ ನಾವು ಸೇರಿಸಿದ್ದು ಜ ಬ ನ ಮ ವ. ಈ ಮ, ವ ಎರಡನ್ನೂ ಒಟ್ಟಿಗೆ ಕೊಟ್ಟು ಕೆಟ್ಟೆವು, ಹದಿನೈದು ದಿನ ಬರೀ ಗೊಂದಲ. ಪ-ಷ, ದ-ಧ ಕೂಡ ಹಾಗೇ, ಒಂದು ಗಟ್ಟಿಯಾಗೋ ತನಕ ಇನ್ನೊಂದನ್ನು ತೋರಿಸಬೇಡಿ. ಆದರೆ ಹತ್ತು ಅಕ್ಷರ ಕೈಗೆ ಬಂದ ದಿನ ಮಜಾ ಇದೆ. ಮರ, ಜನ, ಮಗ, ಬಸವ, ನಗರ. ‘ಬಸವನ ದನ’, ‘ಅರಸನ ಮಗ’ ಅಂತ ಚೀಟಿ ಬರೆದು ತಿಂಡಿ ಡಬ್ಬಿಯ ಮೇಲೆ ಅಂಟಿಸಿ, ಓದಿದ ಮೇಲೆ ಮುಚ್ಚಳ ತೆಗೆಯಬೇಕು ಅಂತ ನಿಯಮ ಮಾಡಿದೆವು.

ಕಾಗುಣಿತವನ್ನು ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ ಅಂತ ನಾವೆಲ್ಲ ರಾಗ ಎಳೆದು ಕಲಿತವರೇ. ಮಗುವಿಗೆ ಪೂರ್ತಿ ಸಾಲು ಬೇಡ. ಇಳಿ ಒಂದನ್ನೇ ತೆಗೆದುಕೊಂಡು ಗೊತ್ತಿರುವ ಅಕ್ಷರಕ್ಕೆಲ್ಲ ಹಚ್ಚಿ. ‘ಮಾವ ಬಾ’ ಅಂತ ಬರೆದು ಮಗಳ ಸೋದರಮಾವನ ಕೈಗೆ ಕೊಟ್ಟೆ. ಅವನು ಅದನ್ನು ಎತ್ತಿ ಹಿಡಿದ, ಇವಳು ಓದಿದಳು. ಆಮೇಲೆ ಗುಡಿಸು, ಆಮೇಲೆ ಕೊಂಬು. ಶಾಲೆಗೆ ಮುಂಚೆ ಇಷ್ಟಾದರೆ ಬೇಕಾದಷ್ಟಾಯಿತು.

ಒತ್ತಕ್ಷರ ಶಾಲೆಗೆ ಬಿಡಿ ಅನ್ನೋಣ ಅಂದರೆ ಒಂದು ಪಜೀತಿ ಇದೆ. ಮಗುವಿಗೆ ಪ್ರೀತಿಯ ಪದಗಳೆಲ್ಲ ಒತ್ತಿನವೇ! ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಇವನ್ನು ಒಡೆದು ಹೇಳಿಕೊಡೋಕೆ ಹೋಗಬೇಡಿ. ಫೋಟೋ ಕೆಳಗೆ ಬರೆದಿಡಿ, ಚಿತ್ರದ ಹಾಗೆ ಗುರುತು ಹಿಡಿಯುತ್ತದೆ.

ಇದೆಲ್ಲ ನಡೆಯುವಾಗ ರಾತ್ರಿ ಮಲಗೋ ಮುಂಚೆ ಗಟ್ಟಿಯಾಗಿ ಓದಿ ಹೇಳುವುದನ್ನು ಮಾತ್ರ ತಪ್ಪಿಸಬೇಡಿ, ನನ್ನ ಕೇಳಿದರೆ ಉಳಿದದ್ದೆಲ್ಲಕ್ಕಿಂತ ಇದೇ ಮುಖ್ಯ. ನಾವು ಮನೆಯಲ್ಲಿ ‘ಹೋಗ್ತೀನಿ’ ಅನ್ನುತ್ತೇವೆ, ಪುಸ್ತಕದಲ್ಲಿ ‘ಹೋಗುತ್ತೇನೆ’ ಅಂತ ಇರುತ್ತದೆ. ಧಾರವಾಡದ ಕಡೆಯೋ ಕುಂದಾಪುರದ ಕಡೆಯೋ ಆದರೆ ಅಂತರ ಇನ್ನೂ ಜಾಸ್ತಿ. ಪುಸ್ತಕದ ಕನ್ನಡ ಒಂದು ಸಲವೂ ಕಿವಿಗೆ ಬೀಳದ ಮಗು ಅಕ್ಷರ ಕೂಡಿಸಿ ಓದಿದರೂ, ಓದಿದ್ದು ಏನು ಅಂತ ಗೊತ್ತಾಗದೆ ಕೂರುತ್ತದೆ. ಹಾಗಾಗಿ ಸಾಲಿನ ಕೆಳಗೆ ಬೆರಳಾಡಿಸುತ್ತಾ ಇದ್ದದ್ದನ್ನು ಇದ್ದ ಹಾಗೇ ಓದಿ. ನಡುವೆ ಹರಟೆ ನಿಮ್ಮ ಮನೆ ಮಾತಲ್ಲೇ ಇರಲಿ. ಪುಸ್ತಕಕ್ಕೆ ದುಡ್ಡು ಹಾಕಲೇಬೇಕು ಅಂತಿಲ್ಲ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಚಿಕ್ಕವರಿಗೆ ಮೊದಲ ಹಂತದವನ್ನೇ ಆರಿಸಿ. ಒಂದೇ ಕಥೆಯನ್ನು ನಲವತ್ತು ಸಲ ಕೇಳುತ್ತಾರೆ, ನಿಮಗೆ ತಲೆ ಚಿಟ್ಟು ಹಿಡಿಯುತ್ತದೆ, ಓದಲೇಬೇಕು.

ಬೇಡ ಅಂದ ದಿನ ಕಾರ್ಡ್ ಎತ್ತಿಡಿ. ಪಕ್ಕದ ಮನೆ ಮಗು ಆಗಲೇ ಇಂಗ್ಲಿಷ್ ಓದುತ್ತದಂತೆ ಅನ್ನುವ ಮಾತು ಬಂದೇ ಬರುತ್ತದೆ, ಕೇಳಿಸದ ಹಾಗೆ ಇರಿ. ಆದರೆ ಹಿಂದಿನಿಂದ ಕರೆದರೆ ತಿರುಗದೆ ಇದ್ದರೆ, ಮಾತು ವಯಸ್ಸಿಗೆ ತಕ್ಕಂತೆ ಬಾರದಿದ್ದರೆ, ಓದಿನ ಚಿಂತೆ ಬಿಟ್ಟು ಮೊದಲು ಕಿವಿ ತೋರಿಸಿಕೊಂಡು ಬನ್ನಿ.

ನಮ್ಮವಳಿಗೆ ಈಗ ಐದು. ಪೂರ್ತಿ ಪುಸ್ತಕವೇನೂ ಓದುವುದಿಲ್ಲ. ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ನಿಂತು ಬಂದ ಬಸ್ಸಿನ ಬೋರ್ಡಲ್ಲಿ ‘ನಗರ’ ಹುಡುಕುತ್ತಾಳೆ. ಜಯನಗರ, ವಿಜಯನಗರ, ರಾಜಾಜಿನಗರ, ಎಲ್ಲದರಲ್ಲೂ ಇದೆ. “ಅಪ್ಪಾ, ಎಲ್ಲಾ ಬಸ್ಸೂ ಒಂದೇ ಊರಿಗೆ ಹೋಗುತ್ತಾ?” ಅಂತ ಮೊನ್ನೆ ಕೇಳಿದಳು.