ಸರೋವರದ ದಂಡೆಯ ಟೊರಾಂಟೊ: ನಾಲ್ಕೈದು ದಿನಗಳಲ್ಲಿ ನೋಡುವುದು ಹೇಗೆ?

ಕೆನಡಾದ ಅತಿ ದೊಡ್ಡ ನಗರವಾದ ಟೊರಾಂಟೊ ಒಂಟಾರಿಯೊ ಸರೋವರದ ವಾಯವ್ಯ ದಂಡೆಯ ಮೇಲಿದೆ. 2021ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 28 ಲಕ್ಷ. ಅವರಲ್ಲಿ ಅರ್ಧಕ್ಕೆ ಸ್ವಲ್ಪವೇ ಕಡಿಮೆ ಜನ ಬೇರೆ ದೇಶಗಳಿಂದ ವಲಸೆ ಬಂದವರು. ಪ್ರವಾಸಿ ಪಟ್ಟಿಗಳಲ್ಲಿರುವ ಗೋಪುರ, ಕೋಟೆಮನೆ, ಮತ್ಸ್ಯಾಲಯಗಳನ್ನು ಎರಡೇ ದಿನಗಳಲ್ಲಿ ಮುಗಿಸಿ, ಈ ಊರಿನ ನಿಜವಾದ ವಿಶೇಷವನ್ನು ಕಾಣದೆಯೇ ಮರಳುವುದು ಬಹಳ ಸುಲಭ. ಆದ್ದರಿಂದ ಜಾಗಗಳ ಪಟ್ಟಿಯನ್ನು ಬದಿಗಿಟ್ಟು, ದಿನಕ್ಕೊಂದು ದಾರಿಯಂತೆ ಪ್ರವಾಸವನ್ನು ಹೊಂದಿಸಿಕೊಳ್ಳುವುದು ಮೇಲು. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕಾಲ ಮತ್ತು ಕಾಗದಪತ್ರ

ಮೊದಲು ತಿಂಗಳನ್ನು ಆರಿಸಿಕೊಳ್ಳಬೇಕು. ಜನವರಿ, ಫೆಬ್ರುವರಿಗಳಲ್ಲಿ ಉಷ್ಣಾಂಶವು ಬಹುತೇಕ ಶೂನ್ಯಕ್ಕಿಂತ ಕೆಳಗೇ ಇರುವುದರಿಂದ ಬೀದಿಯಲ್ಲಿ ಅಡ್ಡಾಡುವ ಪ್ರವಾಸಕ್ಕೆ ಅದು ತಕ್ಕ ಕಾಲವಲ್ಲ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಅವಧಿ ಉತ್ತಮವಾದರೂ, ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುವ ದಿನಗಳಲ್ಲಿ ನಗರದ ನಡುವಿನ ಹೋಟೆಲ್ ದರಗಳು ಏರಿರುತ್ತವೆ. ಮೇ ತಿಂಗಳಲ್ಲಿ ಹೋಗುವವರು ಒಂದು ಬೆಚ್ಚನೆಯ ಜಾಕೆಟ್ ಇಟ್ಟುಕೊಳ್ಳಬೇಕು. ಸರೋವರ ಬಹಳ ಆಳವಾಗಿರುವುದರಿಂದ ಅದರ ನೀರು ಬೇಗ ಬಿಸಿಯಾಗುವುದಿಲ್ಲ. ಊರಿನ ಒಳಭಾಗದಲ್ಲಿ ಹಿತವಾದ ಬಿಸಿಲಿರುವ ದಿನವೂ ದಂಡೆಯಲ್ಲಿ ಗಾಳಿ ಕೊರೆಯುತ್ತಿರುತ್ತದೆ.

ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಸಂದರ್ಶಕ ವೀಸಾ ಅಗತ್ಯ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ, ಬಳಿಕ ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕಾಗುತ್ತದೆ. ತೀರ್ಮಾನಕ್ಕೆ ಹಿಡಿಯುವ ಕಾಲ ಏರಿಳಿಯುತ್ತಿರುವುದರಿಂದ, ವೀಸಾ ಕೈಸೇರುವ ಮುನ್ನ ಹಣ ವಾಪಸಾಗದ ವಿಮಾನ ಟಿಕೆಟನ್ನು ಕೊಳ್ಳದಿರುವುದು ಜಾಣತನ.

ಉಳಿಯುವ ಜಾಗ, ಓಡಾಡುವ ಬಗೆ

ನಗರದ ನಡುವಿನ ಸಿಎನ್ ಟವರ್ ಗೋಪುರದ ಬುಡದಲ್ಲೇ ಕೋಣೆ ಹಿಡಿಯುವ ಅಗತ್ಯವಿಲ್ಲ. ಉತ್ತರ–ದಕ್ಷಿಣವಾಗಿ ಸಾಗುವ ಒಂದನೇ ಮಾರ್ಗದ ಸುರಂಗ ರೈಲು ಹಾಗೂ ಪೂರ್ವ–ಪಶ್ಚಿಮವಾಗಿ ಸಾಗುವ ಎರಡನೇ ಮಾರ್ಗದ ರೈಲು ಕೂಡುವ ಬ್ಲೋರ್–ಯಂಗ್, ಸೇಂಟ್ ಜಾರ್ಜ್ ಅಥವಾ ಸ್ಪಡೈನಾ ನಿಲ್ದಾಣಗಳ ಸುತ್ತಮುತ್ತ ಉಳಿದುಕೊಂಡರೆ ನಾಲ್ಕೂ ದಿಕ್ಕು ಕೈಗೆಟುಕುತ್ತದೆ. ಕೋಣೆಯ ದರದ ಮೇಲೆ ಮಾರಾಟ ತೆರಿಗೆಯಲ್ಲದೆ ನಗರದ ವಸತಿ ತೆರಿಗೆಯೂ ಸೇರುವುದರಿಂದ, ಕಾಯ್ದಿರಿಸುವಾಗ ಕೊನೆಯ ಮೊತ್ತವನ್ನೇ ಹೋಲಿಸಿ ನೋಡಬೇಕು.

ಪಿಯರ್ಸನ್ ವಿಮಾನ ನಿಲ್ದಾಣದಿಂದ ನಗರದ ನಡುವಿನ ಯೂನಿಯನ್ ನಿಲ್ದಾಣಕ್ಕೆ ಯುಪಿ ಎಕ್ಸ್‌ಪ್ರೆಸ್ ರೈಲು 25 ನಿಮಿಷಗಳಲ್ಲಿ ತಲುಪಿಸುತ್ತದೆ. ಇದರ ದರ ಸುಮಾರು 12 ಕೆನಡಾ ಡಾಲರ್. ಸಂಚಾರ ದಟ್ಟಣೆಯ ಹೊತ್ತಿನಲ್ಲಿ ಟ್ಯಾಕ್ಸಿ ಹಿಡಿದರೆ ಹಣವೂ ಹೆಚ್ಚು, ಸಮಯವೂ ಹೆಚ್ಚು. ಊರೊಳಗೆ ಟಿಟಿಸಿ ಸಂಸ್ಥೆಯ ಸುರಂಗ ರೈಲು, ಬಸ್ಸು ಮತ್ತು ರಸ್ತೆಯ ಹಳಿಗಳ ಮೇಲೆ ಓಡುವ ಸ್ಟ್ರೀಟ್‌ಕಾರ್‌ಗಳಿಗೆಲ್ಲ ಒಂದೇ ದರವಿದ್ದು, ಅದು ಮೂರೂವರೆ ಡಾಲರಿನೊಳಗಿದೆ. ಪ್ರೆಸ್ಟೊ ಎಂಬ ಪ್ರಯಾಣದ ಕಾರ್ಡನ್ನಾಗಲಿ ನಿಮ್ಮದೇ ಕ್ರೆಡಿಟ್ ಕಾರ್ಡನ್ನಾಗಲಿ ಯಂತ್ರಕ್ಕೆ ಮುಟ್ಟಿಸಿದ ಕ್ಷಣದಿಂದ ಎರಡು ಗಂಟೆಗಳ ಕಾಲ ಎಷ್ಟು ಸಲ ಬೇಕಾದರೂ ಇಳಿದು ಹತ್ತಬಹುದು, ಬಂದ ದಾರಿಯಲ್ಲೇ ಹಿಂದಿರುಗಲೂಬಹುದು. ಆದರೆ ಪ್ರತಿಬಾರಿ ಅದೇ ಕಾರ್ಡನ್ನೇ ಮುಟ್ಟಿಸಬೇಕು. ಒಬ್ಬರಿಗೆ ಒಂದು ಕಾರ್ಡ್ ಎಂಬುದು ನಿಯಮ. 12 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಟಿಟಿಸಿಯಲ್ಲಿ ಟಿಕೆಟ್ ಬೇಕಿಲ್ಲ. ಈ ಎರಡು ಗಂಟೆಯ ಸೌಲಭ್ಯವೇ ಮುಂದೆ ಹೇಳುವ ಪ್ರವಾಸ ಕ್ರಮಕ್ಕೆ ಆಧಾರ.

ಸ್ಟ್ರೀಟ್‌ಕಾರ್ ಅನೇಕ ಕಡೆ ರಸ್ತೆಯ ನಡುವೆಯೇ ನಿಲ್ಲುತ್ತದೆ. ಬಾಗಿಲು ತೆರೆದಿರುವಾಗ ಹಿಂದಿನ ವಾಹನಗಳು ನಿಲ್ಲಬೇಕೆಂಬ ಕಾನೂನಿದ್ದರೂ, ಬಲಗಡೆ ಒಮ್ಮೆ ನೋಡಿಯೇ ಕೆಳಗೆ ಕಾಲಿಡಬೇಕು. ದಾರಿ ತಪ್ಪಿದರೆ ಗಾಬರಿಪಡಬೇಕಿಲ್ಲ: ಸರೋವರ ಸದಾ ದಕ್ಷಿಣಕ್ಕೆ, ನೆಲದ ಇಳಿಜಾರೂ ಬಹುಮಟ್ಟಿಗೆ ಅದರತ್ತಲೇ.

ಮೊದಲ ದಿನ ನೀರಿನ ಬಳಿ

ದೂರದ ಪ್ರಯಾಣದ ಮಂಪರು ಇಳಿಯುವವರೆಗೆ ವಸ್ತುಸಂಗ್ರಹಾಲಯಗಳಿಗೆ ಹೋಗದೆ, ಮೊದಲ ದಿನವನ್ನು ದ್ವೀಪಗಳಿಗೆ ಮೀಸಲಿಡಿ. ಯೂನಿಯನ್ ನಿಲ್ದಾಣದಿಂದ ಬೇ ಸ್ಟ್ರೀಟ್ ಹಿಡಿದು ದಕ್ಷಿಣಕ್ಕೆ ನಡೆದರೆ ಜ್ಯಾಕ್ ಲೇಟನ್ ದೋಣಿ ನಿಲ್ದಾಣ ಸಿಗುತ್ತದೆ. ನಡೆಯುವಾಗ ಒಂದು ಸಂಗತಿಯನ್ನು ಗಮನಿಸಬಹುದು: ನಿಲ್ದಾಣದ ಮುಂದಿರುವ ಫ್ರಂಟ್ ಸ್ಟ್ರೀಟ್ ಹಿಂದೊಮ್ಮೆ ಸರೋವರದ ಅಂಚಾಗಿತ್ತು, ಅಲ್ಲಿಂದ ದಕ್ಷಿಣಕ್ಕೆ ಕಾಣುವ ನೆಲವೆಲ್ಲ ನೀರಿಗೆ ಮಣ್ಣು ತುಂಬಿ ಪಡೆದದ್ದು.

ದ್ವೀಪಗಳ ಕಥೆ ಇದಕ್ಕೆ ವಿರುದ್ಧವಾದದ್ದು. ಪೂರ್ವದಲ್ಲಿರುವ ಸ್ಕಾರ್ಬರೊ ಕಡಿದಾದ ದಂಡೆಗಳಿಂದ ಸವೆದು ಬಂದ ಮರಳನ್ನು ಸರೋವರದ ಪ್ರವಾಹಗಳು ಇಲ್ಲಿ ತಂದು ಸುರಿದು ಒಂದು ಉದ್ದನೆಯ ಮರಳ ನಾಲಿಗೆಯನ್ನು ರೂಪಿಸಿದ್ದವು. 1858ರ ಬಿರುಗಾಳಿ ಅದನ್ನು ದಡದಿಂದ ತುಂಡರಿಸಿದ ಮೇಲೆ ಅದು ದ್ವೀಪವಾಯಿತು. ಖಾಸಗಿ ಕಾರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಹೋಗುವಾಗ ಕೊಂಡ ಟಿಕೆಟ್ಟೇ ಮರಳುವುದಕ್ಕೂ ಸಲ್ಲುತ್ತದೆ.

ದೋಣಿಗಳು ಮೂರು ಕಡೆಗೆ ಹೊರಡುತ್ತವೆ. ಬೇಸಿಗೆಯ ವಾರಾಂತ್ಯಗಳಲ್ಲಿ ಮಕ್ಕಳ ಆಟದ ಉದ್ಯಾನವಿರುವ ಸೆಂಟರ್ ಐಲೆಂಡ್ ದೋಣಿಗೆ ಉದ್ದನೆಯ ಸಾಲು ನಿಂತಿರುತ್ತದೆ. ಆಗ ಪೂರ್ವ ತುದಿಯ ವಾರ್ಡ್ಸ್ ಐಲೆಂಡ್ ದೋಣಿ ಹತ್ತಿ, ಜನವಸತಿ ಇರುವ ಚಿಕ್ಕ ಚಿಕ್ಕ ಮನೆಗಳ ಓಣಿಗಳನ್ನು ದಾಟಿ ಪಶ್ಚಿಮಕ್ಕೆ ನಡೆಯುತ್ತ, 1808ರ ಜಿಬ್ರಾಲ್ಟರ್ ಪಾಯಿಂಟ್ ದೀಪಸ್ತಂಭವನ್ನು ನೋಡಿಕೊಂಡು, ಹ್ಯಾನ್ಲನ್ಸ್ ಪಾಯಿಂಟ್‌ನಿಂದ ಮರಳುವುದು ಒಳ್ಳೆಯದು. ದೂರ ಸುಮಾರು ಐದು ಕಿಲೋಮೀಟರ್. ಚಳಿಗಾಲದಲ್ಲಿ ವಾರ್ಡ್ಸ್ ಐಲೆಂಡ್ ದೋಣಿ ಮಾತ್ರ ಓಡುತ್ತದೆಯಾದ್ದರಿಂದ ಆಗ ಹೋದ ದಾರಿಯಲ್ಲೇ ಹಿಂತಿರುಗಬೇಕು.

ಸಿಎನ್ ಟವರ್ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಸುತ್ತ ಎದ್ದ ಎತ್ತರದ ಕಟ್ಟಡಗಳು ಪ್ರಸಾರ ತರಂಗಗಳಿಗೆ ಅಡ್ಡವಾಗುತ್ತಿದ್ದ ಕಾರಣ ರೈಲ್ವೆ ಕಂಪನಿಯೊಂದು ಕಟ್ಟಿಸಿದ ಈ 553 ಮೀಟರ್ ಎತ್ತರದ ಗೋಪುರ 1976ರಲ್ಲಿ ತೆರೆಯಿತು. 2007ರವರೆಗೆ ಆಸರೆಯಿಲ್ಲದೆ ನಿಂತ ಜಗತ್ತಿನ ಅತಿ ಎತ್ತರದ ರಚನೆ ಎಂಬ ಹೆಗ್ಗಳಿಕೆ ಇದರದೇ ಆಗಿತ್ತು. ಟಿಕೆಟ್ ದುಬಾರಿ. ಹತ್ತಲೇಬೇಕೆಂದಿದ್ದರೆ ಹವಾಮಾನ ನೋಡಿ, ಮೋಡವಿಲ್ಲದ ಸಂಜೆಯೊಂದಕ್ಕೆ ಕಾಯ್ದಿರಿಸಿ. ದೋಣಿಯಿಂದ ಕಾಣುವ ನಗರದ ನೋಟವೇ ಸಾಕೆನಿಸಿದರೆ ಆ ಹಣ ಉಳಿಯಿತು.

ಎರಡನೆಯ ದಿನ 506ರ ದಾರಿ

ಇಡೀ ಪ್ರವಾಸದಲ್ಲಿ ಒಂದೇ ದಿನ ಉಳಿದಿದ್ದರೂ ಬಿಡಬಾರದ ದಾರಿ ಇದು. 506 ಸಂಖ್ಯೆಯ ಕಾರ್ಲ್ಟನ್ ಸ್ಟ್ರೀಟ್‌ಕಾರ್ ಪಶ್ಚಿಮದ ಹೈ ಪಾರ್ಕ್‌ನಿಂದ ಪೂರ್ವದ ಮೇನ್ ಸ್ಟ್ರೀಟ್ ನಿಲ್ದಾಣದವರೆಗೆ ನಗರವನ್ನು ಅಡ್ಡಲಾಗಿ ಹಾಯುತ್ತದೆ. ಹಳಿ ದುರಸ್ತಿಯ ಕಾರಣ ಮಾರ್ಗ ಬದಲಾಗುವುದುಂಟು. ಬೆಳಿಗ್ಗೆ ಟಿಟಿಸಿ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ.

ಹೈ ಪಾರ್ಕ್‌ನಲ್ಲಿ ಆರಂಭಿಸಿ. ಟೋಕಿಯೊ ನಾಗರಿಕರು ಕೊಟ್ಟ ಚೆರ್ರಿ ಗಿಡಗಳನ್ನು 1959ರಲ್ಲಿ ಇಲ್ಲಿ ನೆಡಲಾಯಿತು. ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರಗಳಲ್ಲಿ ಅವು ಹೂ ಬಿಡುವಾಗ ಜನಜಂಗುಳಿ ವಿಪರೀತ. ಅಲ್ಲಿಂದ ಹೊರಟ ಗಾಡಿ ಕಾಲೇಜ್ ಸ್ಟ್ರೀಟಿನ ಲಿಟಲ್ ಇಟಲಿಯನ್ನು ಹಾದು ಸ್ಪಡೈನಾ ಬೀದಿಗೆ ಬರುತ್ತದೆ. ಇಲ್ಲಿ ಇಳಿದು ದಕ್ಷಿಣಕ್ಕೆ ನಡೆಯಿರಿ. ಬಲಗಡೆಯ ಸಂದಿಗಳಲ್ಲಿರುವ ಕೆನ್ಸಿಂಗ್ಟನ್ ಮಾರ್ಕೆಟ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯಹೂದಿಗಳ ಸಂತೆಯಾಗಿತ್ತು. ಆಮೇಲೆ ಪೋರ್ಚುಗೀಸರು, ಕೆರಿಬಿಯನ್ನರು, ಲ್ಯಾಟಿನ್ ಅಮೆರಿಕದವರು ಒಬ್ಬರ ಅಂಗಡಿಯಲ್ಲಿ ಇನ್ನೊಬ್ಬರು ನೆಲೆಗೊಂಡರು. ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಹಳೆಯ ಸಿನಗಾಗ್‌ಗಳು ಈಗಲೂ ಅಲ್ಲಿವೆ. ಇನ್ನೂ ಮುಂದೆ ಡಂಡಾಸ್ ಬೀದಿಯ ಕೂಡಿಗೆಯಲ್ಲಿ ಚೈನಾಟೌನ್. ಇದು ಮೂಲ ಚೈನಾಟೌನ್ ಅಲ್ಲ; ಅದರ ಬಹುಭಾಗವನ್ನು ಕೆಡವಿದ ಜಾಗದಲ್ಲೇ, ಎರಡು ಬಾಗಿದ ಗೋಪುರಗಳ ಈಗಿನ ನಗರಸಭಾ ಭವನ 1965ರಲ್ಲಿ ಎದ್ದು ನಿಂತಿತು. ಅಲ್ಲಿಂದ ಚದುರಿದವರು ಪಶ್ಚಿಮಕ್ಕೆ ಸರಿದು ಸ್ಪಡೈನಾ ಬೀದಿಯನ್ನು ತಮ್ಮದಾಗಿಸಿಕೊಂಡರು.

ಊಟವನ್ನು ಇಲ್ಲಿಯೇ ಮುಗಿಸಿ, ಮತ್ತೆ ಕಾಲೇಜ್ ಸ್ಟ್ರೀಟಿಗೆ ಬಂದು ಪೂರ್ವಕ್ಕೆ ಹೋಗುವ ಗಾಡಿ ಹತ್ತಿ. ವಿಶ್ವವಿದ್ಯಾಲಯ, ಪ್ರಾಂತೀಯ ಶಾಸನಸಭೆಯ ಉದ್ಯಾನಗಳನ್ನು ದಾಟಿ, ಡಾನ್ ನದಿಯ ಕಣಿವೆಯ ಆಚೆ ಇನ್ನೊಂದು ಚಿಕ್ಕ ಚೈನಾಟೌನ್ ಹಾದರೆ ಜೆರಾರ್ಡ್ ಬೀದಿಯ ಇಂಡಿಯಾ ಬಜಾರ್ ಬರುತ್ತದೆ. 1972ರಲ್ಲಿ ಹಿಂದಿ ಚಿತ್ರಗಳನ್ನು ತೋರಿಸತೊಡಗಿದ ನಾಜ್ ಚಿತ್ರಮಂದಿರದ ಸುತ್ತ ಬೆಳೆದ ಈ ಸಾಲಿನಲ್ಲಿ ಸೀರೆ ಅಂಗಡಿ, ಪಾನ್ ಅಂಗಡಿ, ಪಾಕಿಸ್ತಾನಿ ಖಾನಾವಳಿಗಳು ಇಂದಿಗೂ ಇವೆ. ಆದರೂ ಭಾರತೀಯರು ಇಲ್ಲಿ ಗುಂಪುಗುಂಪಾಗಿ ವಾಸಿಸುತ್ತಾರೆಂದು ಭಾವಿಸಬಾರದು. ಲಿಟಲ್ ಇಟಲಿಗೂ ಈ ಮಾತು ಅನ್ವಯಿಸುತ್ತದೆ. ಬೀದಿಯ ಫಲಕಗಳು ಹೇಳುವುದು ಬಹುಮಟ್ಟಿಗೆ ಹಿಂದಿನ ತಲೆಮಾರಿನ ವಿಳಾಸವನ್ನು.

ಮೂರನೆಯ ದಿನ ಹೊರವಲಯ

ಈಗಿನ ವಿಳಾಸಗಳಿರುವುದು ಊರಿನ ಅಂಚಿನಲ್ಲಿ: ಪಂಜಾಬಿಗಳು ಹೆಚ್ಚಾಗಿರುವ ಬ್ರ್ಯಾಂಪ್ಟನ್, ಚೀನೀಯರು ಹೆಚ್ಚಾಗಿರುವ ಮಾರ್ಕಮ್, ಶ್ರೀಲಂಕಾದ ತಮಿಳರು ನೆಲೆಸಿರುವ ಸ್ಕಾರ್ಬರೊ. ಮೊದಲೆರಡು ನೆರೆಯ ಬೇರೆ ನಗರಗಳು. ಸ್ಕಾರ್ಬರೊ ಟೊರಾಂಟೊದ್ದೇ ಭಾಗವಾದ್ದರಿಂದ ಎರಡನೇ ಮಾರ್ಗದ ಪೂರ್ವ ತುದಿಯ ಕೆನಡಿ ನಿಲ್ದಾಣದವರೆಗೆ ರೈಲಿನಲ್ಲಿ ಹೋಗಿ, ಮುಂದೆ ಬಸ್ಸು ಹಿಡಿದರೆ ಸಾಕು. ದೋಸೆ, ಇಡಿಯಪ್ಪ, ಕೊತ್ತು ರೊಟ್ಟಿ ಮಾಡುವ ಹೋಟೆಲುಗಳು ಅಲ್ಲಿ ಸಾಧಾರಣ ಅಂಗಡಿ ಸಾಲುಗಳ ನಡುವೆ ಇರುತ್ತವೆ. ಸಸ್ಯಾಹಾರಿಗಳಿಗೆ ಇಡೀ ನಗರದಲ್ಲಿ ಇದಕ್ಕಿಂತ ಅನುಕೂಲದ ಜಾಗ ಕಡಿಮೆ. ಅದೇ ದಿನ, ದ್ವೀಪಗಳಿಗೆ ಮರಳು ಒದಗಿಸಿದ ಆ ಕಡಿದಾದ ದಂಡೆಗಳನ್ನೂ ನೋಡಬಹುದು. ಅಂಚಿಗೆ ಹೋಗುವುದು ಮಾತ್ರ ಅಪಾಯ, ಮಣ್ಣು ಇಂದಿಗೂ ಕುಸಿಯುತ್ತಿದೆ.

ಮಳೆಯ ದಿನಕ್ಕೆ ವಸ್ತುಸಂಗ್ರಹಾಲಯಗಳಿವೆ. ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊ ಸೋಮವಾರ ಮುಚ್ಚಿರುತ್ತದೆ; ಬುಧವಾರ ಸಂಜೆ ಅಲ್ಲಿ ಉಚಿತ ಪ್ರವೇಶವಿದೆ. ಸೇಂಟ್ ಲಾರೆನ್ಸ್ ಮಾರುಕಟ್ಟೆಗೂ ಸೋಮವಾರ ರಜೆ. ವಾಸ್ತುಶಿಲ್ಪದಲ್ಲಿ ಆಸಕ್ತಿಯಿದ್ದವರು 2014ರಲ್ಲಿ ತೆರೆದ ಆಗಾ ಖಾನ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅದರ ಎದುರಿಗಿರುವ ಇಸ್ಮಾಯಿಲಿ ಕೇಂದ್ರವನ್ನು ವಿನ್ಯಾಸಗೊಳಿಸಿದವರು ಭಾರತದ ಚಾರ್ಲ್ಸ್ ಕೊರಿಯಾ. ಹಳೆಯ ಕೈಪಿಡಿಗಳು ಹೊಗಳುವ ಒಂಟಾರಿಯೊ ವಿಜ್ಞಾನ ಕೇಂದ್ರದ ಕಟ್ಟಡವನ್ನು 2024ರ ಜೂನ್‌ನಲ್ಲಿ ಮುಚ್ಚಲಾಗಿದೆ.

ಹಣದ ಲೆಕ್ಕ

ಅಂಗಡಿಯಲ್ಲಿ ಬರೆದಿರುವ ಬೆಲೆಯೇ ಕೊಡಬೇಕಾದ ಬೆಲೆಯಲ್ಲ. ಬಹುತೇಕ ಸರಕುಗಳ ಮೇಲೆ ಶೇ 13ರಷ್ಟು ತೆರಿಗೆಯನ್ನು ಬಿಲ್ ಮಾಡುವಾಗ ಸೇರಿಸುತ್ತಾರೆ. ಕುಳಿತು ಉಣ್ಣುವ ಹೋಟೆಲುಗಳಲ್ಲಿ ಅದರ ಮೇಲೆ ಶೇ 15ರಿಂದ 20ರಷ್ಟು ಟಿಪ್ಸ್ ಕೊಡುವುದು ವಾಡಿಕೆಯಾದ್ದರಿಂದ, ಪಟ್ಟಿಯಲ್ಲಿ 20 ಡಾಲರ್ ಎಂದಿರುವ ಊಟಕ್ಕೆ 26 ಡಾಲರ್ ಎಂದೇ ಲೆಕ್ಕ ಹಾಕಿಕೊಳ್ಳಿ. ಒಂದು ಸೆಂಟಿನ ನಾಣ್ಯದ ವಿತರಣೆ 2013ರಲ್ಲಿ ನಿಂತಿದೆ. ನಗದು ಕೊಟ್ಟರೆ ಮೊತ್ತವನ್ನು ಐದು ಸೆಂಟಿಗೆ ಹೊಂದಿಸುತ್ತಾರೆ. ನಲ್ಲಿಯ ನೀರು ಕುಡಿಯಲು ಯೋಗ್ಯ. ಬಾಟಲಿ ಕೊಳ್ಳುವುದು ವ್ಯರ್ಥ ಖರ್ಚು.

ನಯಾಗರಾ ಮತ್ತು ಹಿಂದಿರುಗುವ ದಿನ

ಸುಮಾರು 130 ಕಿಲೋಮೀಟರ್ ದೂರದ ನಯಾಗರಾ ಜಲಪಾತಕ್ಕೆ ಒಂದು ಪೂರ್ತಿ ದಿನ ಬೇಕು. ಯೂನಿಯನ್ ನಿಲ್ದಾಣದಿಂದ ಗೋ ಸಂಸ್ಥೆಯ ರೈಲು, ಬಸ್ಸುಗಳಿವೆ. ಕುದುರೆ ಲಾಳದಾಕಾರದ ದೊಡ್ಡ ಜಲಪಾತವು ಕೆನಡಾದ ಕಡೆಯಿಂದಲೇ ಎದುರಾಗಿ ಕಾಣುವುದರಿಂದ ಸೇತುವೆ ದಾಟಿ ಅಮೆರಿಕಕ್ಕೆ ಹೋಗುವ ಅಗತ್ಯವಿಲ್ಲ. ಹೋಗಬೇಕೆನ್ನುವವರ ಬಳಿ ಅಮೆರಿಕದ ವೀಸಾ ಇರಲೇಬೇಕು.

ಹೊರಡುವ ದಿನ ವಿಮಾನ ಯಾವ ಟರ್ಮಿನಲ್‌ನಿಂದ ಹೊರಡುತ್ತದೆಂದು ಮೊದಲೇ ನೋಡಿಕೊಳ್ಳಿ. ಯುಪಿ ಎಕ್ಸ್‌ಪ್ರೆಸ್ ನಿಲ್ಲುವುದು ಒಂದನೇ ಟರ್ಮಿನಲ್‌ನಲ್ಲಿ. ಮೂರನೆಯದಕ್ಕೆ ಹೋಗುವವರು ಅಲ್ಲಿಂದ ಉಚಿತ ಸಂಪರ್ಕ ರೈಲನ್ನು ಹಿಡಿಯಬೇಕು.