ಅಡುಗೆಮನೆ ನವೀಕರಣ: ಕಲ್ಲು, ಪ್ಲೈವುಡ್, ಟೈಲ್ಸ್ ಆರಿಸುವುದು ಹೇಗೆ?

ಅಂಗಡಿಯ ಬೆಳಕಿನಲ್ಲಿ ಎಲ್ಲ ಕಲ್ಲೂ ಹೊಳೆಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಅದರ ಮೇಲೆ ಬೀಳುವುದು ಹುಣಸೆರಸ, ಅರಿಸಿನ, ಒಗ್ಗರಣೆಯ ಎಣ್ಣೆ. ಬಣ್ಣ, ಡಿಸೈನ್ ನೋಡುವ ಮೊದಲು ಕಾಗದದ ಮೇಲೆ ಅಡುಗೆಮನೆಯ ನಕ್ಷೆ ಬರೆದು ನೀರು ನಿಲ್ಲುವ, ಎಣ್ಣೆ ಸಿಡಿಯುವ, ಬಿಸಿ ಪಾತ್ರೆ ಇಳಿಸುವ ಜಾಗಗಳನ್ನು ಗುರುತು ಮಾಡಿಕೊಳ್ಳಿ. ಒಂದೊಂದು ಜಾಗಕ್ಕೂ ಬೇಕಾದ ಸಾಮಗ್ರಿ ಬೇರೆ.

ಅಡುಗೆ ಕಟ್ಟೆಗೆ ಗ್ರಾನೈಟ್

ದಿನಕ್ಕೆ ಎರಡು ಮೂರು ಹೊತ್ತು ಅಡುಗೆ ನಡೆಯುವ ಮನೆಗೆ 18ರಿಂದ 20 ಮಿ.ಮೀ. ದಪ್ಪದ ಗ್ರಾನೈಟೇ ಸರಿ. ಮಾರ್ಬಲ್ ಸುಣ್ಣದ ಅಂಶದ ಕಲ್ಲು. ನಿಂಬೆಹುಳಿ ತಾಗಿದ ಕಡೆ ಅದರ ಪಾಲಿಶ್ ಕರಗಿ ಮಂಕಾಗುತ್ತದೆ, ಎಷ್ಟು ತಿಕ್ಕಿದರೂ ಮತ್ತೆ ಹೊಳೆಯುವುದಿಲ್ಲ. ಕಡಪ ಕಲ್ಲೂ ಸುಣ್ಣಕಲ್ಲಿನ ಜಾತಿಯದೇ, ಕಟ್ಟೆಯ ಮೇಲೆ ಬೇಡ. ಕಾರ್ಖಾನೆಯಲ್ಲಿ ತಯಾರಾಗುವ ಕ್ವಾರ್ಟ್ಜ್ ಹಲಗೆಗೆ ಕಲೆ ಅಷ್ಟು ಸುಲಭವಾಗಿ ಹಿಡಿಯದು. ಆದರೆ ಅದರಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿಡುವುದು ರಾಳ. ದೋಸೆ ಕಾವಲಿಯನ್ನು ಒಲೆಯಿಂದ ಇಳಿಸಿ ನೇರವಾಗಿ ಇಟ್ಟರೆ ರಾಳ ಸುಟ್ಟು ಗುರುತು ಉಳಿಯುತ್ತದೆ.

ಆರಿಸಿದ ಗ್ರಾನೈಟಿನ ಒಂದು ತುಂಡನ್ನು ಮನೆಗೆ ತನ್ನಿ. ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟು 15 ನಿಮಿಷ ಕಾಯಿರಿ. ನೀರು ಒರೆಸಿದ ಮೇಲೂ ಆ ಜಾಗ ಗಾಢವಾಗಿ ಕಂಡರೆ ಕಲ್ಲು ನೀರು ಹೀರುತ್ತಿದೆ ಎಂದರ್ಥ. ಅದಕ್ಕೆ ನೀರು ಹೀರದಂತೆ ತಡೆಯುವ ಸೀಲರ್ ಹಚ್ಚಿಸಲೇಬೇಕು. ಅರಿಸಿನ ಕಲೆಸಿದ ಎಣ್ಣೆಯನ್ನು ಒಂದು ರಾತ್ರಿ ಬಿಟ್ಟು ನೋಡುವುದೂ ಒಳ್ಳೆಯದು. ಕಪ್ಪು ಗ್ರಾನೈಟಿಗೆ ಇನ್ನೊಂದು ಪರೀಕ್ಷೆ ಇದೆ. ಬಿಳಿ ಬಟ್ಟೆಗೆ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಹಾಕಿ ಒರೆಸಿ. ಬಟ್ಟೆಗೆ ಕಪ್ಪು ಬಂದರೆ ಅದು ಬಣ್ಣ ಬಳಿದ ಬೂದು ಕಲ್ಲು, ಕೆಲವೇ ಕಾಲದಲ್ಲಿ ಮಚ್ಚೆ ಮಚ್ಚೆಯಾಗುತ್ತದೆ. ಕರಿಕಲ್ಲಿಗೆ ಹೆಸರಾದ ಚಾಮರಾಜನಗರ ಜಿಲ್ಲೆ ನಮ್ಮಲ್ಲೇ ಇರುವಾಗ ಬಣ್ಣ ಬಳಿದದ್ದಕ್ಕೆ ದುಡ್ಡು ಕೊಡಬೇಕಾಗಿಲ್ಲ.

10 ಅಡಿ ಉದ್ದ, 2 ಅಡಿ ಅಗಲದ ಕಟ್ಟೆಗೆ 20 ಚದರಡಿ ಕಲ್ಲು ಸಾಕು ಎನಿಸುತ್ತದೆ. ಮುಂಭಾಗದ ಪಟ್ಟಿ, ಕತ್ತರಿಸುವಾಗಿನ ನಷ್ಟ ಸೇರಿದರೆ ಸುಮಾರು 24 ಚದರಡಿ ಬೇಕು. ಸಿಂಕ್ ಮತ್ತು ಹಾಬ್‌ಗೆ (ಕಟ್ಟೆಯೊಳಗೆ ಕೂರಿಸುವ ಒಲೆ) ಕೊರೆಯುವಾಗ ಮೂಲೆಗಳನ್ನು ದುಂಡಗೆ ಬಿಡಿಸಿ. ಮೂಲೆ ಚೂಪಾಗಿದ್ದರೆ ಕಲ್ಲು ಸೀಳುವುದು ಅಲ್ಲಿಂದಲೇ. ಎರಡು ಕಲ್ಲಿನ ಜೋಡಣೆಯೂ ಆ ಕಂಡಿಗಳ ಹತ್ತಿರ ಬರಬಾರದು. ಕಟ್ಟೆಯ ಅಂಚಿನ ತಳದಲ್ಲಿ, ಅರ್ಧ ಇಂಚು ಒಳಕ್ಕೆ, ಉದ್ದಕ್ಕೂ ಸಣ್ಣದೊಂದು ಗ್ರೂವ್ ಹೊಡೆಸಿ. ಮೇಲಿಂದ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕಪಾಟಿನ ಬಾಗಿಲಿಗೆ ಹರಿಯುವುದಿಲ್ಲ. ಹೆಚ್ಚಿನ ಖರ್ಚಿಲ್ಲದ ಈ ಕೆಲಸವನ್ನು ಕೇಳದೆ ಯಾರೂ ಮಾಡಿಕೊಡುವುದಿಲ್ಲ.

ಕಪಾಟು

ಮೊದಲು ಕೊಳೆಯುವುದು ಸಿಂಕಿನ ಕೆಳಗಿನ ಕಪಾಟು. ಅಲ್ಲಿ ಮರವೇ ಬೇಡ. ಚೌಕಟ್ಟು, ತಳ ಎರಡಕ್ಕೂ ಕಡಪ ಕಲ್ಲು ನಿಲ್ಲಿಸಿ ಬಾಗಿಲು ಮಾತ್ರ ಪ್ಲೈವುಡ್‌ನದ್ದು ಮಾಡಿಸಿ. ಗೆದ್ದಲಿನ ಚಿಂತೆಯೂ ಕಡಿಮೆ. ಉಳಿದ ಕೆಳಗಿನ ಕಪಾಟುಗಳಿಗೆ ಐಎಸ್ 710 ಎಂಬ ಭಾರತೀಯ ಮಾನದಂಡದ ಗುರುತಿನ 18 ಮಿ.ಮೀ. ಪ್ಲೈವುಡ್ ಕೇಳಿ. ಇದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದೆಂಬುದು ಆ ಮಾನದಂಡದ ಷರತ್ತು. ಮೇಲಿನ ಕಪಾಟು, ಅಟ್ಟಕ್ಕೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಾಳುವ) ದರ್ಜೆ ಸಾಕು. ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಹೊರಗೆ 1 ಮಿ.ಮೀ. ಮೈಕಾ (ಲ್ಯಾಮಿನೇಟ್ ಹಾಳೆ) ಹಾಕಿಸಿ, ಒಳಬದಿಗೂ ತೆಳು ಮೈಕಾ ಅಂಟಿಸಿ. ಒಂದೇ ಬದಿಗೆ ಅಂಟಿಸಿದ ಬಾಗಿಲು ಬಾಗುತ್ತದೆ. ತೇವ ಒಳಹೋಗುವುದು ಅಂಚಿನಿಂದ, ಆದ್ದರಿಂದ ಬಾಗಿಲಿನ ನಾಲ್ಕೂ ಅಂಚಿಗೆ, ಕಣ್ಣಿಗೆ ಕಾಣದ ತಳದಂಚಿಗೂ, 2 ಮಿ.ಮೀ. ಪಿವಿಸಿ ಪಟ್ಟಿ ಬೇಕು. ಅಕ್ರಿಲಿಕ್ ಫಿನಿಶ್ ಕಣ್ಣಿಗೆ ಹಬ್ಬ, ಆದರೆ ಗೀರು ಬೇಗ ಬೀಳುತ್ತದೆ. ಒಲೆಯ ಪಕ್ಕಕ್ಕೆ ನಯವಾದ ಮ್ಯಾಟ್ ಮೈಕಾ ಒಳ್ಳೆಯದು. ಗೆರೆಗೆರೆಯಾದ ಮೇಲ್ಮೈಯಲ್ಲಿ ಎಣ್ಣೆಯ ಜಿಡ್ಡಿಗೆ ಧೂಳು ಕೂತುಬಿಡುತ್ತದೆ.

ಟೈಲ್ಸ್

ಒಲೆಯ ಹಿಂದಿನ ಗೋಡೆಗೆ ಹೊಳಪಿನ, ನೆಲಕ್ಕೆ ಜಾರದ ಮ್ಯಾಟ್ ಟೈಲ್ಸ್ ತೆಗೆದುಕೊಳ್ಳಿ. ಗೋಡೆಯಲ್ಲಿ ಕೆಡುವುದು ಟೈಲ್ಸ್ ಅಲ್ಲ, ಸಂದು. ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ಅರಿಸಿನ ಹೀರಿ ಹಳದಿಯಾಗುತ್ತದೆ. 2 ಮಿ.ಮೀ. ಸಂದು ಬಿಟ್ಟು ಕಲೆ ಸುಲಭವಾಗಿ ಹೀರದ ಎಪಾಕ್ಸಿ ಗ್ರೌಟ್ ತುಂಬಿಸಿ, ಗಟ್ಟಿಯಾಗುವ ಮುಂಚೆಯೇ ಮೇಲಿನದನ್ನು ಒರೆಸಿಸಿ. ತಡವಾದರೆ ಟೈಲ್ಸ್ ಮೇಲೆ ಮಬ್ಬು ಪೊರೆ ಅಂಟಿಕೊಳ್ಳುತ್ತದೆ. ಟೈಲ್ಸನ್ನು ಅಳತೆಗಿಂತ ಶೇ 10ರಷ್ಟು ಹೆಚ್ಚು ಖರೀದಿಸಿ, ಎಲ್ಲ ಪೆಟ್ಟಿಗೆಯೂ ಒಂದೇ ಬ್ಯಾಚ್ ಸಂಖ್ಯೆಯದೇ ಎಂದು ನೋಡಿಕೊಳ್ಳಿ.

ಕೆಲಸದ ಕ್ರಮವೂ ಮುಖ್ಯ. ಮೊದಲು ಪೈಪು, ವೈರಿಂಗ್ ಮುಗಿಸಿ. ಇಂಡಕ್ಷನ್, ಓವನ್‌ಗೆ 16 ಆಂಪ್ ಸಾಕೆಟ್ ಇರಲಿ. ಪೈಪಿನಲ್ಲಿ ನೀರು ತುಂಬಿಸಿ ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಕಟ್ಟೆ, ಆಮೇಲೆ ಟೈಲ್ಸ್, ಕೊನೆಗೆ ಬಾಗಿಲು. ಕಟ್ಟೆ ಗೋಡೆಗೆ ಸೇರುವ ಸಂದಿಗೆ ಬೂಷ್ಟು ಹಿಡಿಯದ ಸಿಲಿಕೋನ್ ತುಂಬಿಸಿ, 24 ಗಂಟೆ ಅಲ್ಲಿಗೆ ನೀರು ತಾಗಿಸಬೇಡಿ.