25 ಸಾವಿರದೊಳಗೆ ಗೇಮಿಂಗ್ ಸಿಪಿಯು: ಎಸ್‌ಪಿ ರೋಡಿನಲ್ಲಿ ನಾನು ಆರಿಸಿದ ರೀತಿ

ಸೆಕೆಂಡ್ ಹ್ಯಾಂಡ್ ಸಿಪಿಯು, ಅಂದರೆ ಕಂಪ್ಯೂಟರಿನ ಇಡೀ ಡಬ್ಬ, ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ಪ್ರೊಸೆಸರ್ ಯಾವುದು ಅಂತ. ನಾನು ಮೊದಲು ನೋಡಿದ್ದು ಡಬ್ಬದ ಗಾತ್ರ, ಆಮೇಲೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮೇಲಿನ ಸ್ಟಿಕ್ಕರ್. ಗೇಮ್ ಆಡಲು ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಅದು ಕೂರಲು ಜಾಗ ಇರಬೇಕು, ಓಡಲು ಕರೆಂಟ್ ಸಾಲಬೇಕು. ಇವೆರಡು ಇಲ್ಲದಿದ್ದರೆ ಪ್ರೊಸೆಸರ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ರ‍್ಯಾಮ್, ಎಸ್‌ಎಸ್‌ಡಿ ನಾಳೆ ಹಾಕಿಸಬಹುದು. ಡಬ್ಬ ಮಾತ್ರ ತಂದದ್ದೇ ಕೊನೆ.

ಮಾನಿಟರ್, ಕೀಬೋರ್ಡ್, ಮೌಸ್ ಮನೆಯಲ್ಲೇ ಇದ್ದವು. ಸಿಪಿಯುಗೆ ಅಂತ 25 ಸಾವಿರ ತೆಗೆದಿಟ್ಟಿದ್ದೆ. ಮಾನಿಟರ್ ಮಾಮೂಲಿ 1080ಪಿ, 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದು. ಅದರಲ್ಲಿ ನೆಮ್ಮದಿಯಾಗಿ ಆಡುವಂತಿದ್ದರೆ ಸಾಕು ಅನ್ನುವುದು ನನ್ನ ಲೆಕ್ಕ.

ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಎಸ್‌ಪಿ ರೋಡಿನಲ್ಲಿ ಈ ದುಡ್ಡಿಗೆ ಎರಡು ಥರದ ಮಾಲು ಕಾಣುತ್ತದೆ. ಒಂದು, ಗಾಜಿನ ಬಾಗಿಲು, ಬಣ್ಣದ ಫ್ಯಾನು ಮಿನುಗುವ ‘ಗೇಮಿಂಗ್ ಪಿಸಿ’. ಇನ್ನೊಂದು, ಕಂಪನಿಗಳ ಲೀಸ್ ಮುಗಿದು ಲಾಟ್‌ಗಟ್ಟಲೆ ಬಂದ ಡೆಲ್, ಎಚ್‌ಪಿ, ಲೆನೊವೊ ಕಪ್ಪು ಡಬ್ಬಗಳು. ನಾನು ನೋಡಿದ ಬಣ್ಣದ ಡಬ್ಬಗಳಲ್ಲಿ ಹೆಚ್ಚಿನವುಗಳ ಒಳಗೆ ಇದ್ದದ್ದು 2ನೇ ಅಥವಾ 3ನೇ ಜನರೇಷನ್‌ನ ಹಳೆಯ ಐ5 ಪ್ರೊಸೆಸರ್, ಹೆಸರಿಲ್ಲದ ಎಚ್61 ಮದರ್‌ಬೋರ್ಡ್, ಜತೆಗೆ 4 ಜಿಬಿ ಮೆಮೊರಿಯ ಜಿಟಿ 730 ಕಾರ್ಡ್. 4 ಜಿಬಿ ಅಂದ ಕೂಡಲೇ ಕಾರ್ಡ್ ವೇಗವಾಗಿರುತ್ತದೆ ಅಂತ ಅಲ್ಲ. ಡಿಡಿಆರ್3 ಎಂಬ ಹಳೆಯ ಬಗೆಯ ಮೆಮೊರಿ ಇರುವ ಜಿಟಿ 730ರಲ್ಲಿ ಮೆಮೊರಿ ವೇಗ ಸೆಕೆಂಡಿಗೆ 30 ಜಿಬಿ ಕೂಡ ಮುಟ್ಟುವುದಿಲ್ಲ. ನಾನು ಕೊನೆಗೆ ಕೊಂಡ ಜಿಟಿಎಕ್ಸ್ 1650 ಕಾರ್ಡಿನಲ್ಲಿ ಅದು ಕನಿಷ್ಠ 128 ಜಿಬಿ. ಕಾಲೇಜಿನ ಹುಡುಗರು ಕೂಡಿಟ್ಟ ದುಡ್ಡು ಕೊಟ್ಟು ಇಂಥ ಡಬ್ಬ ಹೊತ್ತುಕೊಂಡು ಹೋಗುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಆಫೀಸಿನ ಡಬ್ಬಗಳ ಮೇಲೆ ನನಗೆ ನಂಬಿಕೆ ಜಾಸ್ತಿ. ಕಂಪನಿಗಳು ಮೂರು ನಾಲ್ಕು ವರ್ಷಕ್ಕೆ ಇವನ್ನು ಬದಲಿಸುತ್ತವೆ. ಬಹುತೇಕ ಎಸಿ ರೂಮಿನಲ್ಲಿ ಎಕ್ಸೆಲ್, ಮೇಲ್ ನೋಡಿಕೊಂಡೇ ಕಾಲ ಕಳೆದಿರುತ್ತವೆ. ಬೋರ್ಡ್ ಗಟ್ಟಿ, ಪ್ರೊಸೆಸರ್‌ಗೆ ಹೆಚ್ಚು ಶ್ರಮ ಬಿದ್ದಿರುವುದಿಲ್ಲ.

ಈ ಡಬ್ಬಗಳಲ್ಲಿ ಮೂರು ಅಳತೆ ಇವೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಮೈಕ್ರೋ ಅಥವಾ ಟೈನಿ, ತೆಳುವಾದ ಎಸ್‌ಎಫ್‌ಎಫ್, ಮತ್ತು ಟವರ್. ಮೈಕ್ರೋದಲ್ಲಿ ಮಾಮೂಲಿ ಗ್ರಾಫಿಕ್ಸ್ ಕಾರ್ಡ್ ಹಾಕಲು ಜಾಗವೇ ಇರುವುದಿಲ್ಲ. ಎಸ್‌ಎಫ್‌ಎಫ್‌ಗೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡೇ ಬೇಕು. ಅದು ಸಿಗುವುದು ಕಷ್ಟ, ಸಿಕ್ಕರೆ ರೇಟು ಜಾಸ್ತಿ. ಅಂಗಡಿಗಳಲ್ಲಿ ರಾಶಿ ಬಿದ್ದಿರುವುದು ಎಸ್‌ಎಫ್‌ಎಫ್‌ಗಳೇ. ಟವರ್ ಕೇಳಿದರೆ ‘ಒಳಗೆ ಎಲ್ಲಾ ಒಂದೇ ಸರ್, ಇದನ್ನೇ ತಗೊಳ್ಳಿ’ ಅನ್ನುತ್ತಾರೆ. ಒಂದೇ ಅಲ್ಲ. ನಾನು ಟವರ್ ಸಿಗುವವರೆಗೂ ಅಂಗಡಿ ಬದಲಿಸುತ್ತಾ ಹೋದೆ.

ಇನ್ನು ಎಸ್‌ಎಂಪಿಎಸ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನು ಆರಿಸಿದ್ದು ಡೆಲ್ ಆಪ್ಟಿಪ್ಲೆಕ್ಸ್ 7060 ಟವರ್. ಅದರ ಎಸ್‌ಎಂಪಿಎಸ್ 260 ವಾಟ್. ಅಸೆಂಬಲ್ಡ್ ಸಿಪಿಯುಗೆ ಹಾಕುವ ಮಾಮೂಲಿ ಎಸ್‌ಎಂಪಿಎಸ್ ಇದಕ್ಕೆ ನೇರವಾಗಿ ಕೂರುವುದಿಲ್ಲ, ಬೋರ್ಡಿಗೆ ಹೋಗುವ ಕನೆಕ್ಟರ್ ಡೆಲ್‌ನವರದ್ದೇ ಬೇರೆ. ಗ್ರಾಫಿಕ್ಸ್ ಕಾರ್ಡಿಗೆ ಕೊಡುವ 6 ಪಿನ್ ವೈರೂ ಅದರಲ್ಲಿ ಇರಲಿಲ್ಲ. ಅಂದರೆ ಕಾರ್ಡಿಗೆ ಸಿಗುವುದು ಬೋರ್ಡಿನ ಸ್ಲಾಟ್ ಕೊಡುವ 75 ವಾಟ್ ಅಷ್ಟೇ. ಪ್ರೊಸೆಸರ್ 65 ವಾಟ್, ಕಾರ್ಡ್ 75, ಬೋರ್ಡ್, ಡಿಸ್ಕ್, ಫ್ಯಾನ್ ಸೇರಿ ಇನ್ನೊಂದು 40 ಅಂತ ಹಿಡಿದರೆ 180. ಪ್ರೊಸೆಸರ್ ಟರ್ಬೋದಲ್ಲಿ (ತಾನಾಗಿ ವೇಗ ಏರಿಸಿಕೊಂಡಾಗ) ಸ್ವಲ್ಪ ಹೆಚ್ಚು ಎಳೆದರೂ 260ರೊಳಗೆ ಆರಾಮಾಗಿ ನಡೆಯುತ್ತದೆ. ಆದರೆ ಆರ್‌ಎಕ್ಸ್ 580ಯಂಥ ಕಾರ್ಡ್ ಒಂದೇ 185 ವಾಟ್ ಕೇಳುತ್ತದೆ. ‘ಕನ್ವರ್ಟರ್ ಹಾಕಿ ಓಡಿಸೋಣ’ ಅಂದವರೂ ಇದ್ದರು. ಡಿಸ್ಕ್‌ಗೆ ಕರೆಂಟ್ ಕೊಡುವ ಸಾಟಾ ವೈರಿನಿಂದ 6 ಪಿನ್, 8 ಪಿನ್ ಮಾಡುವ ಆ ಕನ್ವರ್ಟರ್‌ಗಳು ಬಿಸಿಯಾಗಿ ಕರಗಬಹುದು. ದಯವಿಟ್ಟು ಬೇಡ.

ಡಬ್ಬ ಆದ ಮೇಲೆ ಪ್ರೊಸೆಸರ್. ಇಲ್ಲಿ ಒಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ: ‘ಸರ್, ಇದು ಐ7, ಗೇಮ್‌ಗೆ ಸೂಪರ್.’ ‘ಯಾವ ಜನರೇಷನ್ ಅಣ್ಣ?’ ಅಂತ ಕೇಳಿದರೆ ‘4ನೇದು’. ಐ7-4770 ಬಂದದ್ದು 2013ರಲ್ಲಿ. ಅದಕ್ಕೆ 4 ಕೋರ್, ಅಂದರೆ ಒಟ್ಟಿಗೆ ಕೆಲಸ ಮಾಡುವ 4 ಭಾಗ. ನಾನು ಕೊಂಡ ಐ5-8500 ಬಂದದ್ದು 2018ರಲ್ಲಿ, 6 ಕೋರ್. ಇಂಥ ನಾಲ್ಕಂಕಿಯ ಹೆಸರಿನಲ್ಲಿ ಗೆರೆ ಆದ ಮೇಲೆ ಬರುವ ಮೊದಲ ಅಂಕಿಯೇ ಜನರೇಷನ್, 10ನೇದರಿಂದ ಮೇಲೆ ಮೊದಲ ಎರಡು ಅಂಕಿ. ನಾನು 8ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಒಂದೆರಡು ಅಪವಾದ ಬಿಟ್ಟರೆ, 8ನೇ ಜನರೇಷನ್‌ನಿಂದ ಮೇಲಿನ ಇಂಟೆಲ್ ಪ್ರೊಸೆಸರ್‌ಗಳನ್ನು. ವ್ಯಾಲೊರಂಟ್ ಎಂಬ ಆನ್‌ಲೈನ್ ಗೇಮ್ ಆಡುವವರಂತೂ ಇದನ್ನು ಗಮನಿಸಲೇಬೇಕು. ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ವ್ಯವಸ್ಥೆ) ಮತ್ತು ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ಸೆಟ್ಟಿಂಗ್) ಇಲ್ಲದೆ ಓಡುವುದಿಲ್ಲ. ಇನ್ನೊಂದು, ಸಂಖ್ಯೆಯ ಕೊನೆಗೆ ಟಿ ಅಕ್ಷರ ಇದೆಯಾ ನೋಡಿ. 8500ಟಿ ಅಂದರೆ 35 ವಾಟಿನ ನಿಧಾನದ ಪ್ರೊಸೆಸರ್, ಚಿಕ್ಕ ಡಬ್ಬಗಳಿಗೆ ಮಾಡಿದ್ದು.

ಅಂಗಡಿಯಲ್ಲಿ ಪಕ್ಕದ ಬಾಗಿಲು ತೆಗೆಸಿದೆ. ಪ್ರೊಸೆಸರ್ ತಣ್ಣಗಿಡುವ ಹೀಟ್‌ಸಿಂಕ್ ಸಂದಿಯಲ್ಲಿ ಬೂದು ಬಣ್ಣದ ಧೂಳು ಕಟ್ಟಿತ್ತು, ಬೋರ್ಡಿನ ಮೇಲೆ ತುಕ್ಕಾಗಲಿ ನೀರಿನ ಕಲೆಯಾಗಲಿ ಇರಲಿಲ್ಲ. ಕೆಪಾಸಿಟರ್‌ಗಳ ತಲೆ ಉಬ್ಬದೆ ಚಪ್ಪಟೆಯಾಗಿತ್ತು, ಅದು ಒಳ್ಳೆಯ ಲಕ್ಷಣ. ಆನ್ ಮಾಡಿ ಎಫ್2 ಒತ್ತಿ ಬಯಾಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ, ಹೋದೆ. ಇದನ್ನು ಯಾರೂ ಬಿಡಬಾರದು. ಹಳೆಯ ಕಂಪನಿ ಬಯಾಸ್‌ಗೆ ಪಾಸ್‌ವರ್ಡ್ ಹಾಕಿ ಬಿಟ್ಟಿದ್ದರೆ, ಮನೆಗೆ ತಂದ ಮೇಲೆ ಸೆಕ್ಯೂರ್ ಬೂಟ್ ಬದಲಿಸಲೂ ಆಗುವುದಿಲ್ಲ. ಡಬ್ಬದ ಮೇಲಿನ 7 ಅಕ್ಷರದ ಸರ್ವಿಸ್ ಟ್ಯಾಗನ್ನು ಮೊಬೈಲಿನಲ್ಲೇ ಡೆಲ್ ಸಪೋರ್ಟ್ ಪುಟದಲ್ಲಿ ಹಾಕಿ ನೋಡಿದೆ. ಫ್ಯಾಕ್ಟರಿಯಿಂದ ಹೊರಟಾಗ ಒಳಗೆ ಏನೇನಿತ್ತು ಅಂತ ಅಲ್ಲಿ ಸಿಗುತ್ತದೆ. ಪ್ರೊಸೆಸರ್ ಅದೇ ಆಗಿತ್ತು.

ಪೆನ್‌ಡ್ರೈವಿನಲ್ಲಿ ಯಂತ್ರ ಪರೀಕ್ಷಿಸುವ ಸಾಫ್ಟ್‌ವೇರ್‌ಗಳಾದ ಸಿಪಿಯು-ಝಡ್, ಎಚ್‌ಡಬ್ಲ್ಯುಇನ್‌ಫೋ, ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಹಾಕಿಕೊಂಡು ಹೋಗಿದ್ದೆ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ, ಆರೋಗ್ಯ ಎಷ್ಟು ಉಳಿದಿದೆ ಅಂತ ಕೊನೆಯದು ಹೇಳುತ್ತದೆ. ಸಿಪಿಯು-ಝಡ್‌ನಲ್ಲಿ ರ‍್ಯಾಮ್ ಸಿಂಗಲ್ ಚಾನೆಲ್ ಅಂತ ತೋರಿಸಿತು. 16 ಜಿಬಿಯ ಒಂದೇ ಸ್ಟಿಕ್ ಹಾಕಿದ್ದರು. ‘ಅಣ್ಣ, ಇದನ್ನ ತೆಗೆದು 8 ಜಿಬಿದು ಎರಡು ಹಾಕಿಕೊಡಿ’ ಅಂದೆ, ತಕರಾರಿಲ್ಲದೆ ಹಾಕಿದರು. ಹೀಗೆ ಎರಡು ಸ್ಟಿಕ್ ಜತೆಯಾಗಿ ಓಡುವ ಡ್ಯುಯಲ್ ಚಾನೆಲ್ ಆದರೆ ಗೇಮ್ ಮಧ್ಯೆ ತಟಕ್ಕಂತ ನಿಂತು ಹೋಗುವುದು ಕಡಿಮೆಯಾಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ರೇಟು ಏರಿದೆ, ಹಾಗಾಗಿ ಡಬ್ಬದ ಜತೆಗೇ 16 ಜಿಬಿ ಮಾತಾಡಿಕೊಳ್ಳುವುದು ಒಳ್ಳೆಯದು. 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಸೇರಿ ಹದಿನಾಲ್ಕೂವರೆ ಸಾವಿರಕ್ಕೆ ಮಾತು ಮುಗಿಯಿತು. ಬಿಲ್ಲಿನ ಮೇಲೆ ಸರ್ವಿಸ್ ಟ್ಯಾಗ್ ಮತ್ತು ಒಂದು ತಿಂಗಳ ಟೆಸ್ಟಿಂಗ್ ವಾರಂಟಿ ಬರೆಸಿಕೊಂಡೆ.

ಕಾರ್ಡ್ ಬೇರೆ ಕಡೆ ಕೊಂಡೆ. 75 ವಾಟಿನೊಳಗೆ ಸುಲಭವಾಗಿ ಸಿಗುವುದು ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650, ಆರ್‌ಎಕ್ಸ್ 6400. 1050 ಟಿಐ ಅಗ್ಗ, ಆದರೆ ಆ ಪೀಳಿಗೆಯ ಕಾರ್ಡ್‌ಗಳಿಗೆ ಹೊಸ ಗೇಮ್‌ಗಳಿಗಾಗಿ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಆರ್‌ಎಕ್ಸ್ 6400 ಬೋರ್ಡಿನ ಜತೆ ಮಾತಾಡುವುದು 4 ಲೇನ್‌ಗಳಲ್ಲಿ (ಡೇಟಾ ಹೋಗುವ ದಾರಿಗಳಲ್ಲಿ) ಮಾತ್ರ. ನಮ್ಮ ಹಳೆಯ ಪಿಸಿಐಇ 3.0 ಸ್ಲಾಟಿನಲ್ಲಿ ಅದರ ವೇಗ ಕುಸಿಯುತ್ತದೆ. ಹಾಗಾಗಿ 1650. ಅದರಲ್ಲೂ ಕೆಲವಕ್ಕೆ 6 ಪಿನ್ ಸಾಕೆಟ್ ಇರುತ್ತದೆ. ಅದಿಲ್ಲದ್ದನ್ನೇ ಹುಡುಕಿ, ಒಂದೇ ಫ್ಯಾನಿನ ಗಿಡ್ಡ ಕಾರ್ಡನ್ನು 7 ಸಾವಿರಕ್ಕೆ ತಂದೆ.

ನಕಲಿ ಕಾರ್ಡ್ ಹಾವಳಿ ಇಲ್ಲಿ ವಿಪರೀತ. ಹತ್ತು ಹದಿನೈದು ವರ್ಷ ಹಳೆಯ ಜಿಟಿಎಸ್ 450, ಜಿಟಿಎಕ್ಸ್ 550 ಟಿಐಗಳ ಒಳಗಿನ ಸಾಫ್ಟ್‌ವೇರ್ (ಬಯಾಸ್) ಬದಲಿಸಿ, ಹೊಸ ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಒಬ್ಬರು ತೋರಿಸಿದ ‘1050 ಟಿಐ’ ಹಿಂಭಾಗದಲ್ಲಿ ನೀಲಿ ವಿಜಿಎ (ಅನಲಾಗ್) ಪೋರ್ಟ್ ಇತ್ತು. ಆ ಪೀಳಿಗೆಯ ಚಿಪ್‌ನಲ್ಲಿ ಅನಲಾಗ್ ಔಟ್‌ಪುಟ್ ಇಲ್ಲವೇ ಇಲ್ಲ. ಕಾರ್ಡಿನ ಅಸಲಿ ವಿವರ ತೋರಿಸುವ ಜಿಪಿಯು-ಝಡ್ ಓಡಿಸಿ ಅಂದೆ. ಹೆಸರಿನ ಮುಂದೆ ‘ಫೇಕ್’ ಅಂತಲೇ ಬಂತು. ಕಾರ್ಡ್ ಕೊಳ್ಳುವಾಗ ಪೆನ್‌ಡ್ರೈವಿನಲ್ಲಿ ಜಿಪಿಯು-ಝಡ್ ಇರಲೇಬೇಕು. ಅದನ್ನು ಓಡಿಸಲು ಬಿಡದ ಅಂಗಡಿಯಲ್ಲಿ ದುಡ್ಡು ಕೊಡಬೇಡಿ.

ಮನೆಗೆ ಬಂದ ಮೇಲೆ ಧೂಳು ಊದಿ, ಹೀಟ್‌ಸಿಂಕ್ ಬಿಚ್ಚಿದೆ. ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಹಳೆಯ ಪೇಸ್ಟ್ ಒಣಗಿ ಪುಡಿಪುಡಿಯಾಗಿತ್ತು. ಒರೆಸಿ ಹೊಸದು ಹಚ್ಚಿದೆ. ಅಂಗಡಿಯಲ್ಲಿ ಪರೀಕ್ಷೆಗೆ ಸಿನಿಬೆಂಚ್ ಸಾಫ್ಟ್‌ವೇರ್ ಓಡಿಸಿದಾಗ 90 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರ್ ಈಗ 75ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂಗಡಿಯವರು ಹಾಕಿಕೊಟ್ಟ ವಿಂಡೋಸ್ ಅಳಿಸಿ, ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿದ ವಿಂಡೋಸ್ 11 ಹಾಕಿದೆ. ಡೆಲ್‌ನವರು ಕೊಟ್ಟಿದ್ದ ಪ್ರೊ ಲೈಸೆನ್ಸ್ ಬೋರ್ಡಿನಲ್ಲೇ ಇದ್ದದ್ದರಿಂದ ತಾನಾಗಿ ಆಕ್ಟಿವೇಟ್ ಆಯಿತು. ಮಾನಿಟರ್ ಕೇಬಲನ್ನು ಬೋರ್ಡಿಗಲ್ಲ, ಕಾರ್ಡಿಗೇ ಸಿಕ್ಕಿಸಬೇಕು ಅನ್ನುವುದು ನೆನಪಿರಲಿ. ಮನೆಯಲ್ಲಿದ್ದ ಹಳೆಯ 1 ಟಿಬಿ ಹಾರ್ಡ್ ಡಿಸ್ಕ್ ಕೂಡ ಒಳಗೆ ಕೂರಿಸಿದೆ. ಪೇಸ್ಟ್, ಕೇಬಲ್ ಸೇರಿ ಒಟ್ಟು ಖರ್ಚು 22 ಸಾವಿರದ ಹತ್ತಿರ.

ವ್ಯಾಲೊರಂಟ್ ಸೆಕೆಂಡಿಗೆ 100 ಫ್ರೇಮ್ (ಚಿತ್ರ) ದಾಟಿ ಓಡುತ್ತದೆ. ಜಿಟಿಎ 5 ಹೈ ಸೆಟ್ಟಿಂಗ್‌ನಲ್ಲಿ 60ಕ್ಕೆ ನಿಲ್ಲುತ್ತದೆ. ಫೋರ್ಜಾ ಹೊರೈಜನ್ 5 ಮೀಡಿಯಂನಲ್ಲಿ ಚೆಂದ, ಮಳೆಯ ರಸ್ತೆಯಲ್ಲೂ ತಡವರಿಸುವುದಿಲ್ಲ. ರೆಡ್ ಡೆಡ್ ರಿಡೆಂಪ್ಷನ್ 2ಕ್ಕೆ ಸೆಟ್ಟಿಂಗ್ ಇಳಿಸಬೇಕು. ಹಾಗೆ ಮಾಡಿದರೆ 45ರ ಆಚೀಚೆ ಸಿಗುತ್ತದೆ, ಕಥೆ ಆಡಲು ನನಗೆ ಅಷ್ಟು ಸಾಕು. ಆದರೆ ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್, ಡೂಮ್: ದ ಡಾರ್ಕ್ ಏಜಸ್ ಥರದ ಗೇಮ್‌ಗಳು ರೇ ಟ್ರೇಸಿಂಗ್ (ಬೆಳಕನ್ನು ನಿಜದಂತೆ ಲೆಕ್ಕ ಹಾಕುವ) ಹಾರ್ಡ್‌ವೇರ್ ಇರುವ ಕಾರ್ಡನ್ನೇ ಕೇಳುತ್ತವೆ, 1650ಕ್ಕೆ ಅದಿಲ್ಲ. ಅಂಥವು ಆಡಲೇಬೇಕು ಅನ್ನುವವರು ಆಫೀಸ್ ಡಬ್ಬದ ಕಡೆ ಬರಬೇಡಿ. ಮಾಮೂಲಿ ಎಸ್‌ಎಂಪಿಎಸ್ ಕೂರುವ, ಒಳ್ಳೆ ಬೋರ್ಡಿನ ಅಸೆಂಬಲ್ಡ್ ಸಿಪಿಯು ಹುಡುಕಿ, ಬಜೆಟ್ಟನ್ನು ಇನ್ನೊಂದು 15 ಸಾವಿರವಾದರೂ ಏರಿಸಿಕೊಳ್ಳಿ.